ತುದಿಯ ಗಂಟು

ಏಪ್ರಿಲ್ 4

ಬಂದು ಸೇರಿದೆ. ಮೂರು ತಿಂಗಳು ಈ ಕೋಣೆ ನನ್ನದು. ಒಂದು ಮಂಚ, ಒಂದು ಮೇಜು, ಬಟ್ಟೆ ನೇತುಹಾಕಲು ಗೋಡೆಗೆ ಬಡಿದ ಮೊಳೆಗಳು, ಬಂಡೆಯ ಕಡೆ ತೆರೆಯುವ ಕಿಟಕಿ. ಸಂಬಳವಿಲ್ಲ. ಊಟ, ಕೋಣೆ, ಹೋಗಿಬರುವ ಟಿಕೆಟ್ಟು ಅವರದು. "ಬಿಟ್ಟಿ ಚಾಕರಿಗೆ ಸಮುದ್ರ ದಾಟಿ ಹೋಗ್ಬೇಕಾ?" ಎಂದು ಊರಲ್ಲಿ ನಕ್ಕವರೇ ಎಲ್ಲ. ನಗಲಿ. ನಲವತ್ತು ಸಮೀಪಿಸಿದ, ಪಾದದ ಕೀಲು ಮುರಿದುಕೊಂಡ, ಬಂಡೆ ಹತ್ತುವುದನ್ನು ಬಿಟ್ಟು ಬೇರೇನೂ ಬಾರದ ಟೀಚರನ್ನು ಇನ್ಯಾರು ಕರೆಯುತ್ತಾರೆ? ಇವರು ಕರೆದರು. ದೊಡ್ಡ ಕಾಯಿಲೆಯಿಂದ ಎದ್ದು ಬಂದವರಿಗೆ ಪುಕ್ಕಟೆಯಾಗಿ ಬಂಡೆ ಹತ್ತಿಸುವ ಶಿಬಿರವಿದು. ನಾನೂ ಒಂಥರ ಅದೇ ಗಿರಾಕಿಯೇ.

ಹೊರಡುವ ದಿನ ತಮ್ಮ ಬಾಗಿಲವರೆಗೆ ಬಂದು ನಿಂತ. ನಾನು ಚೀಲದ ಜಿಪ್ಪು ಎಳೆಯುತ್ತಲೇ ಇದ್ದೆ. ಹಗ್ಗ ಬಿಟ್ಟವನ ಹತ್ತಿರ ಏನು ಮಾತು?

ಈ ದಿನಚರಿ ಯಾಕೆಂದರೆ, ಇಲ್ಲಿ ಕನ್ನಡದಲ್ಲಿ ಜಗಳವಾಡಲು ನನ್ನನ್ನು ಬಿಟ್ಟರೆ ಬೇರೆ ಯಾರೂ ಇಲ್ಲ.

ಏಪ್ರಿಲ್ 6

ಶಿಬಿರದ ಮುಖ್ಯಸ್ಥೆಗೆ ಮನಸ್ಸಲ್ಲೇ ಕೊಕ್ಕರೆ ಎಂದು ಹೆಸರಿಟ್ಟಾಯಿತು. ಉದ್ದ ಕಾಲು, ಉದ್ದ ಕತ್ತು, ನಿಂತಲ್ಲೇ ನಿಂತು ಎಲ್ಲವನ್ನೂ ನೋಡುವ ಕಣ್ಣು. ಆಕೆಯದೂ ಮುರುಕು ಇಂಗ್ಲಿಷು, ನನ್ನದೂ ಮುರುಕು. ಎರಡೂ ಸೇರಿ ಹೇಗೋ ಸಂಸಾರ ನಡೆಯುತ್ತಿದೆ. ಈ ಪುಟಗಳಲ್ಲಿ ಮಾತ್ರ ಎಲ್ಲರೂ ನನ್ನ ಭಾಷೆಯನ್ನೇ ಆಡಬೇಕು, ಬೇರೆ ದಾರಿಯಿಲ್ಲ.

ಇಲ್ಲಿಯ ಕಟ್ಟಳೆಗಳನ್ನು ಹೇಳಿದಳು. ಹಗ್ಗದ ಕೆಳತುದಿಗೆ ಒಂದು ದಪ್ಪ ಗಂಟು ಇರಲೇಬೇಕು. ಇಳಿಸುವಾಗ ಹಗ್ಗ ಸಾಲದೆ ಹೋದರೆ ಆ ಗಂಟು, ಕೆಳಗೆ ಹಗ್ಗ ಹಿಡಿದವರ ಸೊಂಟದ ಬ್ರೇಕಿಗೆ ಸಿಕ್ಕಿಕೊಂಡು ಜೀವ ಉಳಿಸುತ್ತದೆ. ಇದು ಎಲ್ಲ ಕಡೆ ಇರುವುದೇ. ಆದರೆ ಇಲ್ಲಿ ಗಂಟು ಇದೆಯಾ ಅಂತ ಹತ್ತುವವರೂ ಹಿಡಿಯುವವರೂ ಇಬ್ಬರೂ ಕೈಯಿಂದ ಮುಟ್ಟಿ ನೋಡಬೇಕಂತೆ. "ನಮ್ಮಲ್ಲಿ ಅದು ಹಿಡಿಯೋರ ಕೆಲಸ. ಹತ್ತೋರು ತಲೆ ಕೆಡಿಸ್ಕೊಳ್ಳಲ್ಲ" ಎಂದೆ. ಕೊಕ್ಕರೆ ನನ್ನ ಕಾಲಿನ ಕಡೆ ಒಮ್ಮೆ ನೋಡಿದಳು.

ಇನ್ನೊಂದು ಕಟ್ಟಳೆ ಕೇಳಿ ನಗು ತಡೆಯಲಾಗಲಿಲ್ಲ. ಇಳಿದು ಬಂದವರು, ಹಗ್ಗ ಹಿಡಿದವರಿಗೆ ಥ್ಯಾಂಕ್ಸ್ ಹೇಳದೆ ಸೊಂಟದ ಗಂಟು ಬಿಚ್ಚುವಂತಿಲ್ಲ! ಬರೀ ಥ್ಯಾಂಕ್ಸ್ ಅಂದರೂ ನಡೆಯದು, ಯಾವುದಕ್ಕೆ ಅಂತ ಬಿಡಿಸಿ ಹೇಳಬೇಕು. ಇವತ್ತು ಒಬ್ಬಾಕೆ ಇನ್ನೊಬ್ಬಾಕೆಗೆ, "ನಾನು ಅತ್ತಾಗ ಮೇಲೆ ನೋಡ್ದೆ ಇದ್ದಿದ್ದಕ್ಕೆ ಥ್ಯಾಂಕ್ಸ್" ಎಂದಳು. ಅಯ್ಯೋ ರಾಮ. ನಮ್ಮ ಕಡೆ ಮನೆಯವರಿಗೆಲ್ಲ ಥ್ಯಾಂಕ್ಸ್ ಹೇಳುತ್ತ ಕೂತರೆ ಜ್ವರ ಬಂದಿದೆಯಾ ಅಂತ ಹಣೆ ಮುಟ್ಟಿ ನೋಡುತ್ತಾರೆ.

ಏಪ್ರಿಲ್ 9

ನನ್ನ ಪಾಲಿಗೆ ಬಂದವರಲ್ಲಿ ಒಬ್ಬಳು ಊರಬಸ್ಸಿನ ಡ್ರೈವರು. ಐವತ್ತು ದಾಟಿದ, ಗಟ್ಟಿ ದನಿಯ, ದೊಡ್ಡ ಮೈಯ ಹೆಂಗಸು. ಹೋದ ವರ್ಷ ಹೊಟ್ಟೆಯ ಆಪರೇಷನ್ ಆಗಿ ಆರು ತಿಂಗಳು ಮಲಗಿದ್ದಳಂತೆ. ಈಗ ಬಸ್ಸು ಹತ್ತಲೂ ಕೈ ನಡುಗುತ್ತದೆಯಂತೆ. ನಾನು ಬಸ್ಸಮ್ಮ ಎಂದು ಕರೆದೆ. ಅರ್ಥ ಕೇಳಿದಳು, ಹೇಳಿದೆ. ಎಲ್ಲರೂ ಹಾಗೇ ಕರೆಯಬೇಕೆಂದು ಹಟ ಹಿಡಿದಿದ್ದಾಳೆ.

ಬಿಡಿಸಿ ಬಿಡಿಸಿ ಪಾಠ ಮಾಡಿದೆ. ಹಗ್ಗ ನಿಮ್ಮ ಸೊಂಟದಿಂದ ಹೊರಟು, ಬಂಡೆಯ ತಲೆಯಲ್ಲಿರುವ ಉಕ್ಕಿನ ಬಳೆಯೊಳಗೆ ತೂರಿ, ಕೆಳಗೆ ನನ್ನ ಸೊಂಟದ ಬ್ರೇಕಿಗೆ ಬರುತ್ತೆ. ನೀವು ಕೈಬಿಟ್ರೂ ನಾನು ಬಿಡಲ್ಲ.

"ನೀವು ಬಿಟ್ರೆ?"

"ಬಿಡಲ್ಲ."

"ಅಲ್ಲ ಟೀಚರ್, ಬಿಟ್ರೆ ಅಂತ ಕೇಳ್ದೆ. ಬಸ್ಸಲ್ಲಿ ಕೂತೋರೂ ನನ್ನನ್ನ ನಂಬಿಯೇ ಕೂತಿರ್ತಾರೆ. ನಾನು ಎಷ್ಟು ಸಲ ಆಕಳಿಸ್ತೀನಿ ಅಂತ ನನಗೇ ಗೊತ್ತು."

ಎರಡಾಳು ಎತ್ತರ ಹತ್ತಿ, ಬಂಡೆಯನ್ನು ತಬ್ಬಿಕೊಂಡು ಕಿರುಚಿದಳು. ಇಳಿಸಿದೆ. ಬಂಡೆ ಜಾರುತ್ತೆ, ಶೂ ಸರಿಯಿಲ್ಲ, ಬಿಸಿಲು ಕಣ್ಣಿಗೆ ಹೊಡೆಯುತ್ತೆ ಎಂದು ದೂರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆದರೆ ಗಂಟು ಬಿಚ್ಚುವ ಮುಂಚೆ ನೆಟ್ಟಗೆ ನಿಂತು, "ಬೈಯದೆ ಇಳಿಸಿದ್ದಕ್ಕೆ ಥ್ಯಾಂಕ್ಸ್" ಎಂದಳು. ಬೈಯಲು ಬಾಯಿ ತೆರೆದಿದ್ದೆ, ಮುಚ್ಚಿಕೊಂಡೆ.

ಏಪ್ರಿಲ್ 17

ಅಮ್ಮನ ಫೋನು. ಹವಾ, ಊಟ, ಸ್ವೆಟರು ಎಲ್ಲ ಮುಗಿದ ಮೇಲೆ ಮೆಲ್ಲಗೆ ಅಲ್ಲಿಗೇ ಬಂದಳು.

"ಅವನ ಹತ್ರ ಒಂದು ಮಾತಾಡೇ. ಹಗ್ಗ ಹರಿಯಲ್ಲ, ಕೋಲು ಮುರಿಯಲ್ಲ, ನಿಮ್ಮಿಬ್ಬರದು ಹಿಂಗೇ ಎಷ್ಟು ದಿನ?"

"ಅವನು ಬಿಟ್ಟ, ನಾನು ಬಿದ್ದೆ. ಇನ್ನೇನಮ್ಮ ಮಾತಾಡೋದು?"

"ಅವನ ಅಂಗೈ ಇನ್ನೂ ಪೂರ್ತಿ ಮಡಚೋಕಾಗಲ್ಲ ಕಣೇ. ತಟ್ಟೆಲಿ ಅನ್ನ ಕಲಸೋದು ನೋಡಿದ್ರೆ ಕರುಳು ಚುರ್ ಅನ್ನುತ್ತೆ."

"ನನ್ನ ಕಾಲೂ ಇನ್ನೂ ನೋಯುತ್ತಮ್ಮ."

ಫೋನು ಇಟ್ಟುಬಿಟ್ಟೆ. ಅಮ್ಮನಿಗೆ ಯಾವಾಗಲೂ ಮಗನ ಕಡೆಯ ತಕ್ಕಡಿಯೇ ಭಾರ. ಹನ್ನೆರಡು ವರ್ಷ ಅಕ್ಕ ತಮ್ಮ ಸೇರಿ ನಡೆಸಿದ, ಬಂಡೆ ಹತ್ತುವುದನ್ನು ಕಲಿಸುವ ಶಾಲೆ ನಮ್ಮದು. ಒಂದೇ ಒಂದು ದಿನ ನಾನು ಹೊಸ ದಾರಿ ಹತ್ತಿ ಇಳಿಯುವಾಗ ಹಗ್ಗ ಮುಗಿದು, ತುದಿ ಅವನ ಬ್ರೇಕಿನಿಂದ ಸರ್ರನೆ ಜಾರಿಹೋಯಿತು. ತುದಿಗೆ ಗಂಟಿರಲಿಲ್ಲ. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟು ಅವನಿಗೆ ಹೇಳಿದ ಮೊದಲ ಮಾತು, "ಒಂದು ಗಂಟು ಹಾಕೋ ಯೋಗ್ಯತೆ ಇಲ್ವಲ್ಲೋ ನಿನಗೆ." ಎರಡೂ ಕೈಗೆ ಬ್ಯಾಂಡೇಜು ಸುತ್ತಿಕೊಂಡು ನಿಂತಿದ್ದ. ಸರಿಯಾಗೇ ಹೇಳಿದೆ.

ಏಪ್ರಿಲ್ 18

ಮಳೆ. ಹಗ್ಗಗಳನ್ನೆಲ್ಲ ತೊಳೆದು ನೆರಳಲ್ಲಿ ಹರಡಿದೆವು. ಯಾರ ಹತ್ತಿರವೂ ಮಾತು ಬೇಕೆನಿಸಲಿಲ್ಲ. ಸೂಪು ಬಿಸಿಯಾಗಿತ್ತು. ಅಷ್ಟು ಸಾಕು.

ಮೇ 2

ಬರೆಯದೆ ಎರಡು ವಾರ. ಚೆನ್ನಾಗಿದ್ದಾಗ ದಿನಚರಿ ನೆನಪಾಗುವುದಿಲ್ಲ.

ಬಸ್ಸಮ್ಮ ಚಿಕ್ಕ ಬಂಡೆಯ ತುದಿ ಮುಟ್ಟಿದಳು! ಮೇಲೆ ಕೂತು, ಬಸ್ಸಿನ ಹಾರನ್ನಿನ ಹಾಗೆ ಬಾಯಲ್ಲೇ ಪೋಂ ಪೋಂ ಅಂದಳು. ಕೆಳಗೆ ನಿಂತ ನನಗೆ ಕಣ್ಣು ತುಂಬಿಬಂತು, ಧೂಳು ಎಂದೆ. ನಾನು ಹತ್ತಿದಾಗಲೂ ಇಷ್ಟು ಖುಷಿ ಆಗಿದ್ದು ನೆನಪಿಲ್ಲ.

ಸಂಜೆ ಒಂದು ಜೊತೆ ಉಣ್ಣೆಯ ಕಾಲುಚೀಲ ತಂದುಕೊಟ್ಟಳು. ಎಡಗಾಲಿನದು ಬಲಗಾಲಿನದಕ್ಕಿಂತ ದಪ್ಪ. ನೋಯುವ ಕಾಲಿಗೆ ಅಂತ ಎರಡೆಳೆ ಸೇರಿಸಿ ಹೆಣೆದಿದ್ದಾಳೆ. ಯಾವ ಕಾಲು ಅಂತ ನಾನು ಯಾವತ್ತೂ ಹೇಳಿರಲಿಲ್ಲ. ಹಾಕಿಕೊಂಡೇ ಬರೆಯುತ್ತಿದ್ದೇನೆ. ಬೆಚ್ಚಗಿದೆ. ಇಷ್ಟು ದೂರ ಬಂದು ಇಂಥವರ ಕೈಗೆ ಬಿದ್ದೆನಲ್ಲ, ನನ್ನ ಪುಣ್ಯ.

ಕೊಕ್ಕರೆ ಬಂದು ಒಂದು ಮಾತು ಹೇಳಿದಳು. ದೊಡ್ಡ ಬಂಡೆಗೆ ಹೋಗುವ ಮುಂಚೆ ಪ್ರತಿ ಟೀಚರೂ ಒಮ್ಮೆ ತಾನೇ ಹತ್ತಬೇಕು, ಕಲಿಯುವವರು ಹಗ್ಗ ಹಿಡಿಯಬೇಕು. "ನೀವು ಯಾವಾಗ?" ಎಂದಳು. "ಕಾಲು ಇನ್ನೊಂದು ಸ್ವಲ್ಪ ಸರಿಹೋಗ್ಲಿ" ಎಂದೆ.

ಮೇ 15

ಕೊಕ್ಕರೆ ಮತ್ತೆ ಕೇಳಿದಳು. ಇವತ್ತು ಗಾಳಿ ಜಾಸ್ತಿ ಎಂದೆ. ಶಿಬಿರದ ಬಾಗಿಲಲ್ಲಿನ ಧ್ವಜ ಅಲುಗದೆ ನೇತುಬಿದ್ದಿತ್ತು, ಇಬ್ಬರೂ ಅದನ್ನೇ ನೋಡಿದೆವು.

ಬಸ್ಸಮ್ಮ ಬಿಡುತ್ತಾಳೆಯೇ? "ಶೂ ಸರಿಯಿಲ್ಲ, ಬಿಸಿಲು ಕಣ್ಣಿಗೆ ಹೊಡೆಯುತ್ತೆ ಅನ್ನಿ ಟೀಚರ್. ಅವೆರಡು ನೆಪ ನಾನು ಬಳಸಿ ಬಿಟ್ಟಿದೀನಿ, ಹಳೇದಾದ್ರೂ ಚೆನ್ನಾಗಿವೆ" ಎಂದಳು. ಎಲ್ಲರ ಎದುರಿಗೇ! ನಾನೂ ನಕ್ಕೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. "ಹಗ್ಗ ನಂಬಿ, ಹಿಡಿದೋರನ್ನ ನಂಬಿ" ಎಂದು ದಿನವಿಡೀ ಗಂಟಲು ಹರಿದುಕೊಳ್ಳುತ್ತೇನೆ. ನನ್ನ ಕಾಲು ಮಾತ್ರ ನೆಲ ಬಿಡುವುದಿಲ್ಲ.

ಬಿದ್ದ ದಿನದಿಂದ ನಾನು ಯಾರ ಕೈಗೂ ಹಗ್ಗ ಕೊಟ್ಟಿಲ್ಲ. ಹಗ್ಗ ಒಮ್ಮೆ ಜಾರಿದ ಮೇಲೆ ಮೈ ಕೇಳುವುದಿಲ್ಲ, ಅಷ್ಟೇ.

ಮೇ 28

ಬಸ್ಸಮ್ಮನಿಗೆ ಮತ್ತೆ ಬಸ್ಸು ಕೊಟ್ಟಿದ್ದಾರೆ, ವಾರಕ್ಕೆ ಎರಡು ದಿನ. ಇವತ್ತು ಸಂತೆಗೆ ಹೋಗುವಾಗ ಅವಳದೇ ಬಸ್ಸು ಸಿಕ್ಕಿತು. ಕನ್ನಡಿಯಲ್ಲಿ ನನ್ನನ್ನು ನೋಡಿ, ಕೈಯೆತ್ತಿ, ಬೇಕಂತಲೇ ಬಾಯಿ ದೊಡ್ಡದು ಮಾಡಿ ಆಕಳಿಸಿದಳು. ಬಸ್ಸಿನ ತುಂಬ ನಾನೊಬ್ಬಳೇ ಬಿದ್ದು ಬಿದ್ದು ನಕ್ಕಿದ್ದು. ಪಕ್ಕದ ಅಜ್ಜಿ ಚೀಲ ಹತ್ತಿರ ಎಳೆದುಕೊಂಡಳು.

ತಮ್ಮನಿಗೆ ಇಂಥವೆಲ್ಲ ಹೇಳಬೇಕು. ಇಂಥದಕ್ಕೆ ನಗುವವನು ಅವನೇ.

ಜೂನ್ 6

ಬರೆದರೆ ಮನಸ್ಸು ಒಂದು ಕಡೆ ನಿಂತೀತು.

ಬೆಳಿಗ್ಗೆ ತಿಂಡಿ ಮುಗಿಸುವಾಗ ಅಮ್ಮನ ಫೋನು. ತಮ್ಮ ನಮ್ಮ ಹಗ್ಗ, ಸೊಂಟಕ್ಕೆ ಬಿಗಿಯುವ ಹಾರ್ನೆಸ್ಸು, ಹೆಲ್ಮೆಟ್ಟು ಎಲ್ಲ ಮೂಟೆ ಕಟ್ಟಿಟ್ಟಿದ್ದಾನೆ. ನಾಳೆ ಭಾನುವಾರ ಯಾವುದೋ ಕಾಲೇಜಿನವರು ಬಂದು ಒಯ್ಯುತ್ತಾರೆ. ಸೋಮವಾರದಿಂದ ಸೋದರಮಾವನ ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸಕ್ಕೆ.

"ಕೇಳಿದ್ರೆ, 'ಅಕ್ಕ ಹೇಳಿದ್ದು ನಿಜ, ನನಗೆ ಯೋಗ್ಯತೆ ಇಲ್ಲ' ಅಂತಾನೆ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತಾ? ಶಾಲೆ ಹೋದ್ರೆ ಹೋಗ್ಲಿ, ನನ್ನ ಮಗ ಬಂಡೆ ಕಡೆ ತಲೆ ಎತ್ತಿ ನೋಡೋದೂ ಬಿಟ್ಟಿದಾನಲ್ಲೇ."

"ಕೊಡ್ಲಿ ಬಿಡು" ಎಂದೆ. ಹೇಳಿ ಮುಗಿಯುವಷ್ಟರಲ್ಲಿ ಹೊಟ್ಟೆ ಉರಿಯಿತು. ನನ್ನನ್ನು ಒಂದು ಮಾತು ಕೇಳದೆ ಕೊಡಲು ಅವನು ಯಾರು? ಅದೇ ಉರಿಯಲ್ಲಿ ದೊಡ್ಡ ಬಂಡೆಗೆ ಹೋದೆ. ಕಾಲಿನ ನೆಪ ಹೇಳಿ ಹೇಳಿ, ಹತ್ತದೆಯೇ ಅಲ್ಲಿ ಹಗ್ಗ ಹಿಡಿಯಲು ಕೊಕ್ಕರೆಯಿಂದ ಒಪ್ಪಿಗೆ ಪಡೆದಿದ್ದೆ.

ದೊಡ್ಡ ಬಂಡೆಯ ದಾರಿ ಓರೆ. ದಿಬ್ಬದ ಮೇಲೆ ನಿಂತು ಹತ್ತಲು ಶುರುಮಾಡಬೇಕು. ಮೇಲೆ ಒಂದು ಗಂಟೆ ಕಟ್ಟಿದ್ದಾರೆ, ಮುಟ್ಟಿದವರು ಬಾರಿಸಬೇಕು. ಇಳಿಯುವುದು ಮಾತ್ರ ಗಂಟೆಯ ನೇರ ಕೆಳಗೆ, ಕಲ್ಲು ತುಂಬಿದ ತಗ್ಗಿಗೆ. ಹತ್ತುವಾಗ ಸಾಕಾಗುವ ಹಗ್ಗ ಇಳಿಯುವಾಗ ಸಾಲದೆ ಹೋಗಬಹುದು. ಮೊನ್ನೆ ತಾನೇ ಕೊಕ್ಕರೆ ಆ ಹಗ್ಗದ ಸವೆದ ತುದಿ ಕತ್ತರಿಸಿದ್ದು ನನಗೆ ಗೊತ್ತಿತ್ತು. ಗೊತ್ತಿದ್ದೂ ತಲೆಯಲ್ಲಿರಲಿಲ್ಲ. ತಲೆಯ ತುಂಬ ತಮ್ಮನ ಮೂಟೆ.

ಬಸ್ಸಮ್ಮ ಹತ್ತಿದಳು. ನಿಂತು ನಿಂತು, ಗೊಣಗಿ ಗೊಣಗಿ, ಕೊನೆಗೆ ಗಂಟೆ ಹಿಡಿದು ಇಡೀ ಕಣಿವೆ ಕೇಳುವ ಹಾಗೆ ಬಾರಿಸಿದಳು. ಎಲ್ಲರ ಚಪ್ಪಾಳೆ. ನಾನು ಇಳಿಸತೊಡಗಿದೆ. ಅವಳು ಎರಡಾಳು ಎತ್ತರದಲ್ಲಿದ್ದಾಗ ನನ್ನ ಸೊಂಟಕ್ಕೆ ಧಡಕ್ ಎಂದು ಎಳೆತ. ಹಗ್ಗ ನಿಂತಿತು. ಕೆಳಗೆ ನೋಡಿದೆ. ಹಗ್ಗ ಮುಗಿದಿತ್ತು. ಬ್ರೇಕಿನ ಬಾಯಿಗೆ ಒಂದು ದಪ್ಪ ಗಂಟು ಸಿಕ್ಕಿಕೊಂಡಿತ್ತು.

ಆ ಗಂಟು ನಾನು ಹಾಕಿದ್ದಲ್ಲ.

ಕೊಕ್ಕರೆ ಓಡಿಬಂದು ಏಣಿ ಹಚ್ಚಿ, ಬಸ್ಸಮ್ಮನ ಕಾಲು ಏಣಿಗೆ ಸಿಕ್ಕ ಮೇಲೆ ನನ್ನಿಂದ ಬ್ರೇಕಿನ ಹಗ್ಗ ಬಿಡಿಸಿ, ಅವಳನ್ನು ಇಳಿಸಿಕೊಂಡಳು. ಬಸ್ಸಮ್ಮ ತಗ್ಗಿನಿಂದ ದಿಬ್ಬ ಹತ್ತಿ ನನ್ನ ಎದುರು ಬಂದು ನಿಂತಳು. ಸೊಂಟದ ಗಂಟು ಬಿಚ್ಚಿರಲಿಲ್ಲ.

"ತುದಿಗೆ ಗಂಟು ಹಾಕೋದು ಕಲಿಸಿದ್ದಕ್ಕೆ ಥ್ಯಾಂಕ್ಸ್, ಟೀಚರ್."

"ನಾನು ಮರೆತಿದ್ದೆ" ಎಂದೆ.

"ಗೊತ್ತು. ಹತ್ತೋಕೆ ಮುಂಚೆ ನೋಡ್ದೆ, ಇರ್ಲಿಲ್ಲ. ನೀವು ಬೆಳಿಗ್ಗೆಯಿಂದ ಮುಖ ಊದಿಸ್ಕೊಂಡಿದ್ರಿ, ನಾನೇ ಹಾಕ್ದೆ. ಇಬ್ಬರಲ್ಲಿ ಒಬ್ರು ಮರೀತಾರೆ ಅಂತಾನೇ ಅಲ್ವಾ ಇಬ್ರೂ ನೋಡೋದು?"

ಆಮೇಲೆ, ಹೇಳದೆ ಹಾಕಿದ್ದಕ್ಕೆ ಅವಳಿಗೂ, ಮುಟ್ಟಿ ನೋಡದ್ದಕ್ಕೆ ನನಗೂ ಕೊಕ್ಕರೆ ಸರಿಯಾಗಿ ಮಂಗಳಾರತಿ ಮಾಡಿದಳು. "ನಾಳೆ ನೀವು ಹತ್ತಬೇಕು. ಇಲ್ಲ ಅಂದ್ರೆ ದೊಡ್ಡ ಬಂಡೆಯ ಕೆಲಸ ನಿಮಗಿಲ್ಲ" ಎಂದಳು. ಅಷ್ಟೇ. ಯಾರೂ ಯೋಗ್ಯತೆಯ ಮಾತೆತ್ತಲಿಲ್ಲ. ಯಾರೋ ನನ್ನ ಕೈಗೆ ಬಿಸಿ ಚಹಾ ಕೊಟ್ಟರು.

ಒಂದೇ ಯೋಚನೆ ಬಿಡುತ್ತಿಲ್ಲ. ಆ ಗಂಟು ಇಲ್ಲದೆ ಹಗ್ಗ ಜಾರಿದ್ದರೆ ನಾನು ಹಿಡಿಯುತ್ತಿದ್ದೆನಾ? ಓಡುವ ಹಗ್ಗವನ್ನು ಬರಿಗೈಯಲ್ಲಿ ಹಿಡಿಯಬೇಡಿ, ಚರ್ಮ ಸುಲಿದುಹೋಗುತ್ತೆ ಎಂದು ನಾನೇ ಪಾಠ ಮಾಡುತ್ತೇನೆ. ತಮ್ಮನಿಗೂ ಆ ಪಾಠ ಗೊತ್ತಿತ್ತು. ಆದರೂ ಹಿಡಿದ. ಎರಡೂ ಕೈಯಲ್ಲಿ ಹಿಡಿದ. ಅರ್ಧ ದಾರಿ ಹಿಡಿದ. ಅದಕ್ಕೇ ನನಗೆ ಮುರಿದದ್ದು ಕಾಲು ಮಾತ್ರ.

ಜೂನ್ 7

ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂಡೆಯ ಬುಡಕ್ಕೆ ಹೋದೆ. ಬಸ್ಸಮ್ಮ ಬಂದಳು. "ನನ್ನ ಹಗ್ಗ ನೀವು ಹಿಡೀಬೇಕು" ಎಂದೆ.

"ಆಕಳಿಕೆ ಬಂದ್ರೆ?"

"ಬಾಯಿ ಮುಚ್ಕೊಂಡು ಆಕಳಿಸಿ."

ಉದ್ದದ ಹಗ್ಗ ತಂದೆವು. ತುದಿಗೆ ಅವಳು ಗಂಟು ಹಾಕಿದಳು, ನಾನು ಮುಟ್ಟಿ ನೋಡಿದೆ. ನನ್ನ ಸೊಂಟದ ಗಂಟು ಅವಳು ಮುಟ್ಟಿ ನೋಡಿದಳು. ಹತ್ತಿದೆ. ಕಾಲು ನಡುಗಿತು, ಹೊಲಿಗೆ ಮಿಷನ್ನಿನ ಹಾಗೆ. ಕೆಳಗಿಂದ ಅವಳ ದನಿ: "ಇದೀನಿ ಟೀಚರ್! ಇಲ್ಲೇ ಇದೀನಿ!" ಗಂಟೆ ಬಾರಿಸಿದೆ. ನಿಜವಾದ ಕಷ್ಟ ಆಮೇಲಿನದು. ಕೈ ಬಿಟ್ಟು, ಹಿಂದಕ್ಕೆ ವಾಲಿ, ಇಡೀ ಮೈಭಾರವನ್ನು ಅವಳ ಕೈಗೆ ಕೊಡಬೇಕು. ಎಷ್ಟೋ ಹೊತ್ತು ಬಂಡೆ ಹಿಡಿದು ನಿಂತೇ ಇದ್ದೆ. ಕೊನೆಗೆ ಕಣ್ಣು ಮುಚ್ಚಿ ಬಿಟ್ಟೆ. ಹಗ್ಗ ಬಿಗಿಯಿತು. ಅವಳು ನನ್ನನ್ನು ಮೊಟ್ಟೆಯ ಬುಟ್ಟಿ ಇಳಿಸುವ ಹಾಗೆ ಇಳಿಸಿದಳು.

"ಇದೀನಿ ಅಂತ ಕೂಗಿದ್ದಕ್ಕೆ ಥ್ಯಾಂಕ್ಸ್" ಎಂದೆ. ನಾನು ಅತ್ತಾಗ ಅವಳೂ ಬೇರೆ ಕಡೆ ನೋಡಿದಳು.

ಹಾರ್ನೆಸ್ಸು ಸಹ ಕಳಚದೆ ಸಾಮಾನಿನ ಕೋಣೆಗೆ ಹೋಗಿ, ಹಗ್ಗದ ಸುರುಳಿಗಳ ಮೇಲೆ ಕೂತು ಫೋನು ಮಾಡಿದೆ. ಒಂದೇ ರಿಂಗಿಗೆ ಎತ್ತಿದ.

"ಅಕ್ಕಾ? ಏನಾಯ್ತು? ಬಿದ್ಯಾ?"

ಇಷ್ಟು ತಿಂಗಳ ಮೇಲೆ ಅವನ ಬಾಯಿಂದ ಬಂದ ಮೊದಲ ಮಾತು ಅದು.

"ಇಲ್ಲ ಕಣೋ. ಹತ್ತಿ ಇಳಿದೆ. ಬೇರೆಯೋರು ಹಗ್ಗ ಹಿಡಿದಿದ್ರು."

"ಚೆನ್ನಾಗಿ ಹಿಡಿದ್ರಾ?"

"ಚೆನ್ನಾಗಿ ಹಿಡಿದ್ರು. ಇಲ್ಲಿ ಒಂದು ಪದ್ಧತಿ ಇದೆ. ಇಳಿದೋರು ಹಿಡಿದೋರಿಗೆ ಥ್ಯಾಂಕ್ಸ್ ಹೇಳ್ಬೇಕು, ಯಾವುದಕ್ಕೆ ಅಂತಾನೂ ಹೇಳ್ಬೇಕು. ನಿನಗೆ ಹೇಳೋದು ಬಾಕಿ ಇತ್ತು."

"ಅಕ್ಕ, ನಾನು ಬಿಟ್ಟವನು..."

"ಬಾಯ್ಮುಚ್ಚು. ಹೇಳೋಕೆ ಬಿಡು. ಬರಿಗೈಯಲ್ಲಿ ಹಗ್ಗ ಹಿಡ್ಕೊಂಡಿದ್ದಕ್ಕೆ ಥ್ಯಾಂಕ್ಸ್. ನೀನು ಬಿಟ್ಟಿದ್ರೆ ಫೋನ್ ಮಾಡೋಕೆ ನಾನಿರ್ತಿರ್ಲಿಲ್ಲ. ಆ ದಿನ ಗಂಟು ನಾನೂ ನೋಡಿರ್ಲಿಲ್ಲ ಕಣೋ, ನಾನೂ ನೋಡಿರ್ಲಿಲ್ಲ."

ಅವನು ಅತ್ತ. ಚಿಕ್ಕಂದಿನಲ್ಲಿ ಮೊಣಕಾಲು ತರಚಿಕೊಂಡಾಗ ಅಳುತ್ತಿದ್ದ ಹಾಗೇ, ಬಿಕ್ಕಿ ಬಿಕ್ಕಿ. ನಾನೂ ಅತ್ತೆ. ಹಿಂದೆ ಅಮ್ಮ, "ಯಾರೋ ಫೋನಲ್ಲಿ? ಏನಾಯ್ತೋ?" ಎಂದು ಕೂಗುತ್ತಿದ್ದಳು.

"ಕಾಲೇಜಿನವರು ಎಷ್ಟೊತ್ತಿಗೆ ಬರ್ತಾರೆ?" ಎಂದೆ.

"ಬಂದು ಜಗಲಿ ಮೇಲೆ ಕೂತಿದಾರೆ. ಅಮ್ಮ ಕಾಫಿ ಕೊಟ್ಟಿದಾಳೆ."

"ಕಾಫಿ ಕುಡಿಸಿ ಕಳಿಸು. ಮೂಟೆ ಕೊಡಬೇಡ."

ಅವನು ಸೊರ್ ಎಂದು ಮೂಗೆಳೆದುಕೊಂಡು, "ಅಕ್ಕ, ಇನ್ಮೇಲೆ ತುದಿಗೆ ಗಂಟು ಯಾರು ಹಾಕೋದು?" ಎಂದ.

"ನೀನು ಹಾಕು. ನಾನು ಮುಟ್ಟಿ ನೋಡ್ತೀನಿ."

ಜೂನ್ 10

ಅಮ್ಮನ ಫೋನು. ಸ್ವೆಟರಿನ ವಿಚಾರ ಕೇಳಲೇ ಇಲ್ಲ, ನೇರ ದೂರಿಗೇ ಬಂದಳು.

"ನಿನ್ನ ತಮ್ಮ ಅಂಗಡಿಗೂ ಹೋಗ್ಲಿಲ್ಲ, ಏನಿಲ್ಲ. ಮೂಟೆ ಬಿಚ್ಚಿ ಹಗ್ಗ ಎಲ್ಲಾ ತೊಳೆದು ಮನೆ ತುಂಬಾ ಹರಡಿದಾನೆ. ನಡುಮನೆ, ಪಡಸಾಲೆ, ನನ್ನ ಮಂಚದ ಮೇಲೂ. ಕಾಲಿಡೋಕೆ ಜಾಗ ಇಲ್ಲ ಕಣೇ!"

"ನೆರಳಲ್ಲೇ ಹರಡಿದಾನಲ್ಲ, ಒಳ್ಳೇದಾಯ್ತು."

"ಏನು ಒಳ್ಳೇದು? ಒಂದೊಂದು ಹಗ್ಗದ ತುದಿಗೂ ಇಷ್ಟು ದಪ್ಪ ಗಂಟು ಹಾಕಿದಾನೆ. ಆ ಕೈಯಲ್ಲಿ, ಸರಿಯಾಗಿ ಮಡಚೋಕೂ ಆಗದ ಆ ಕೈಯಲ್ಲಿ, ಬೆಳಿಗ್ಗೆಯಿಂದ ಕೂತು. ನಾನು ಎಡವಿ ಬೀಳೋ ಹಾಗಾಗಿದೆ. ಬಿಚ್ಚಿಬಿಡ್ಲಾ?"

"ಬೇಡಮ್ಮ" ಎಂದೆ. "ಹಾಗೇ ಇರ್ಲಿ. ನಾನು ಬಂದು ಮುಟ್ಟಿ ನೋಡ್ಬೇಕು."